ಓದುಗರ ಪ್ರಶ್ನೆ (ಕೋವಿಡ್‌ ಲಾಕ್‌ಡೌನ್‌ ದಿನಗಳದು): ಮಧ್ಯಾಹ್ನಕ್ಕೇ ಡೇಟಾ ಖಾಲಿ!

ಪ್ರಶ್ನೆ: ಲಾಕ್‌ಡೌನ್‌ನಿಂದಾಗಿ ಯಜಮಾನರ ಲ್ಯಾಪ್‌ಟಾಪ್‌, ಮಗಳ ಮೊಬೈಲ್‌ ಎರಡೂ ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲೇ ನಡೆಯುತ್ತಿವೆ. ದಿನಕ್ಕೆ 1.5 ಜಿಬಿ ಪ್ಯಾಕ್‌. ಮಗಳ ಕ್ಲಾಸು ಎರಡೇ ಗಂಟೆ, ಯಜಮಾನರದು ಬರೀ ಮೇಲ್‌ ಕೆಲಸ. ಆದರೂ ಹನ್ನೆರಡಕ್ಕೆಲ್ಲ ಡೇಟಾ ಮುಗಿಯುತ್ತದೆ. ಎಲ್ಲಿ ಸೋರುತ್ತಿದೆ?
– ಗೃಹಿಣಿ, ತಿಪಟೂರು

ಉತ್ತರ: ಮೊದಲು ಕ್ಲಾಸಿನ ಲೆಕ್ಕ. ವಿಡಿಯೊ 600 ಕೆಬಿಪಿಎಸ್‌ (ಸೆಕೆಂಡಿಗೆ 600 ಕಿಲೊಬಿಟ್‌) ವೇಗದಲ್ಲಿದ್ದರೆ ಗಂಟೆಗೆ ಬರುವುದು 270 ಎಂಬಿ, ಹೋಗುವುದು 270 ಎಂಬಿ. ಎರಡು ಗಂಟೆಗೆ ಒಂದು ಜಿಬಿ ದಾಟಿತು! ಮಗಳ ಕ್ಯಾಮೆರಾ ಹಾಜರಿ ಹೊತ್ತಿಗಷ್ಟೇ ಆನ್‌ ಇರಲಿ, ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ.

ಉಳಿದದ್ದು ಸೋರುವುದು ನಿಮಗೆ ಕಾಣದ ಕಡೆ. ಹಾಟ್‌ಸ್ಪಾಟಿಗೆ ಸೇರಿದ ಲ್ಯಾಪ್‌ಟಾಪ್‌ ಅದನ್ನು ಸಾಮಾನ್ಯ ವೈ-ಫೈ ಎಂದೇ ತಿಳಿದು ವಿಂಡೋಸ್‌ ಅಪ್‌ಡೇಟ್‌ ಇಳಿಸಿಕೊಳ್ಳಲು ಕೂರುತ್ತದೆ. ಒಂದು ಅಪ್‌ಡೇಟ್‌ ಸಾಕು, ದಿನದ ಪಾಲು ನುಂಗಲು. ವಿಂಡೋಸ್‌ 10ರಲ್ಲಿ ಸೆಟ್ಟಿಂಗ್ಸ್‌, ನೆಟ್‌ವರ್ಕ್‌ ಅಂಡ್‌ ಇಂಟರ್ನೆಟ್‌, ವೈ-ಫೈಗೆ ಹೋಗಿ ನಿಮ್ಮ ಹಾಟ್‌ಸ್ಪಾಟಿನ ಹೆಸರು ಒತ್ತಿ, ‘ಸೆಟ್‌ ಆ್ಯಸ್‌ ಮೀಟರ್ಡ್‌ ಕನೆಕ್ಷನ್‌’ (ಡೇಟಾಗೆ ಮಿತಿಯಿರುವ ಸಂಪರ್ಕ ಎಂದರ್ಥ) ಆನ್‌ ಮಾಡಿ. ಹಾಟ್‌ಸ್ಪಾಟಿನ ಹೆಸರು ಬದಲಿಸಿದರೆ ಇದನ್ನು ಮತ್ತೆ ಮಾಡಬೇಕು.

ಮಗಳ ಮೊಬೈಲಿನದೂ ಇದೇ ಕಥೆ. ಫೋಟೊ, ವಿಡಿಯೊ ತಾನಾಗಿ ಇಳಿಯದಿರಲಿ ಎಂದು ವಾಟ್ಸ್‌ಆ್ಯಪ್‌ನ ಡೇಟಾ ಸೆಟ್ಟಿಂಗ್ಸ್‌ನಲ್ಲಿ ‘ಮೊಬೈಲ್‌ ಡೇಟಾ’ ಸಾಲಿನ ಟಿಕ್‌ ತೆಗೆದು ಸುಮ್ಮನಾಗುವವರೇ ಹೆಚ್ಚು. ಇಲ್ಲಿ ತೆಗೆಯಬೇಕಾದ್ದು ‘ವೈ-ಫೈ’ ಸಾಲಿನ ಟಿಕ್‌ಗಳನ್ನು. ಪ್ಲೇ ಸ್ಟೋರ್‌ನ ಆಟೊ ಅಪ್‌ಡೇಟ್‌, ಫೋಟೊ ಬ್ಯಾಕಪ್‌ ಎರಡನ್ನೂ ನಿಲ್ಲಿಸಿ.

ಪ್ರಶ್ನೆ: ಹಾಟ್‌ಸ್ಪಾಟ್‌ ಹಾಕಿ ಚಾರ್ಜಿಗಿಟ್ಟರೆ ಫೋನು ದೋಸೆಕಾವಲಿಯಂತೆ ಕಾಯುತ್ತದೆ, ಮೀಟಿಂಗ್‌ ನಡುವೆ ಕಡಿದುಹೋಗುತ್ತದೆ.
– ಓದುಗರು, ಶಿರಸಿ

ಉತ್ತರ: ಸಿಗ್ನಲ್‌ ಕಡಿಮೆ ಇರುವ ಕಡೆ ಫೋನು ಟವರ್‌ ಮುಟ್ಟಲು ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಅದರ ಮೇಲೆ ವೈ-ಫೈ ಪ್ರಸಾರ, ಚಾರ್ಜಿಂಗ್‌ ಬಿಸಿ. ಕಾವು ಮಿತಿ ಮೀರಿದರೆ ಫೋನು ತಾನಾಗಿ ವೇಗ ತಗ್ಗಿಸುತ್ತದೆ. ಹಿಂಬದಿ ಕವರ್‌ ತೆಗೆದು, ಬಿಸಿಲು ಬೀಳದ ಕಿಟಕಿ ಬಳಿ ಇಡಿ. ಹಾಸಿಗೆ ಮೇಲೆ ಬೇಡ. ಲ್ಯಾಪ್‌ಟಾಪ್‌ ಒಂದೇ ಇದ್ದರೆ ಯುಎಸ್‌ಬಿ ಟೆದರಿಂಗ್‌ ಒಳ್ಳೆಯದು: ಅದೇ ವೈರಿನಲ್ಲಿ ಇಂಟರ್ನೆಟ್ಟೂ ಹೋಗುತ್ತದೆ, ಫೋನಿಗೆ ನಿಧಾನವಾಗಿ ಚಾರ್ಜೂ ಆಗುತ್ತದೆ. ಟೆದರಿಂಗ್‌ ಆಯ್ಕೆ ಮಸುಕಾಗಿ ಕಂಡರೆ ಕೇಬಲ್‌ ಬದಲಿಸಿ ನೋಡಿ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಪ್ರಶ್ನೆ: ಮೂರನೇ ಕ್ಲಾಸಿನ ಮಗುವಿಗೆ ದಿನಕ್ಕೆ ನಾಲ್ಕು ತಾಸು ಆನ್‌ಲೈನ್‌ ಪಾಠ ಸರಿಯೇ?
– ಪೋಷಕರು, ಧಾರವಾಡ

ಉತ್ತರ: ಅಲ್ಲ. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಕೊಟ್ಟ ‘ಪ್ರಜ್ಞಾತಾ’ ಮಾರ್ಗಸೂಚಿಯಲ್ಲಿ 1ರಿಂದ 8ನೇ ತರಗತಿಗೆ ದಿನಕ್ಕೆ ಎರಡೇ ಅವಧಿ, ತಲಾ 30ರಿಂದ 45 ನಿಮಿಷ ಎಂದಿತ್ತು. ಅದನ್ನೇ ಶಾಲೆಗೆ ತೋರಿಸಿ.