ಒಬ್ಬ ಪೈಲಟ್‌ಗಾಗಿ ಎಂಬತ್ತು ಜನವೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಪೆಸಿಫಿಕ್ ಯುದ್ಧದ ಲೇಖನ ಓದಿದೆ. ಸಮುದ್ರಕ್ಕೆ ಬಿದ್ದ ಒಬ್ಬ ಪೈಲಟ್‌ನನ್ನು ಎತ್ತಲು ಅಮೆರಿಕದವರು ಸುಮಾರು ಎಂಬತ್ತು ಜನರಿದ್ದ ಸಬ್‌ಮೆರೀನನ್ನೇ ಶತ್ರುವಿನ ದಡಕ್ಕೆ ಕಳಿಸುತ್ತಿದ್ದರಂತೆ. ಇದು ಯಾವ ಲೆಕ್ಕ? ಅದರ ಕೆಲಸ ಹಡಗು ಮುಳುಗಿಸುವುದಲ್ಲವೇ?
– ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಲೆಕ್ಕ ಪೂರ್ತಿ ತಪ್ಪಲ್ಲ. ಹಗಲು ಹೊತ್ತು ನೀರಿನ ಮೇಲೆ ಕಾಯುತ್ತಾ ನಿಂತ ಸಬ್‌ಮೆರೀನ್ ಶತ್ರುವಿಗೆ ಸುಲಭದ ಗುರಿ. ಅಷ್ಟು ಹೊತ್ತು ಬೇಟೆಯೂ ಇಲ್ಲ. ಒಪ್ಪಿದೆ.

ಆದರೆ ಸ್ವಾಮಿ, ಒಮ್ಮೆ ನೀರಿನಲ್ಲಿ ತೇಲುತ್ತಿರುವವನ ಕಡೆಯಿಂದ ನೋಡಿ. ಅವನ ವಿಮಾನವಾಹಕ ನೌಕೆ ಎಲ್ಲೋ ದೂರದಲ್ಲಿದೆ, ಹುಡುಕಿಕೊಂಡು ಬರುವುದಿಲ್ಲ. ಎದುರಿಗೆ ಜಪಾನೀಯರ ದ್ವೀಪ. 1944ರ ಜೂನ್‌ನಲ್ಲಿ ಗುವಾಮ್ ಬಳಿ ಹೀಗೇ ಒಬ್ಬ ಬಿದ್ದ. ದಡದ ಫಿರಂಗಿಗಳು ಸಿಡಿಯುತ್ತಿದ್ದವು, 'ಸ್ಟಿಂಗ್‌ರೇ' ಸಬ್‌ಮೆರೀನ್ ಮೇಲೆ ಬರುವಂತಿರಲಿಲ್ಲ. ನೀರೊಳಗಿಂದಲೇ ಹೊರಗೆ ನೋಡುವ ಕೊಳವೆ, ಪೆರಿಸ್ಕೋಪ್ ಮಾತ್ರ ಹೊರಗೆ ಚಾಚಿ ಅವನ ಪಕ್ಕಕ್ಕೆ ಬಂತು. ಅವನು ಅದನ್ನೇ ಹಿಡಿದುಕೊಂಡ. ಗುಂಡು ತಲುಪದಷ್ಟು ದೂರಕ್ಕೆ ಎಳೆದುಕೊಂಡು ಹೋಗಿ, ಆಮೇಲೆ ಒಳಗೆ ಕರೆದುಕೊಂಡರು.

ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಜಪಾನೀಯರ ಹಿಡಿತದಲ್ಲಿದ್ದ ಟ್ರಕ್ ದ್ವೀಪಗಳ ಮೇಲೆ ಅಮೆರಿಕದ ವಿಮಾನಗಳ ದಾಳಿ ನಡೆದಾಗ 'ಟ್ಯಾಂಗ್' ಎಂಬ ಸಬ್‌ಮೆರೀನ್ 22 ಜನರನ್ನು ಉಳಿಸಿತು. ಅವರಲ್ಲಿ ಕೆಲವರನ್ನು ನೀರಿನಿಂದ ಎತ್ತಿದ್ದು ಜಾನ್ ಬರ್ನ್ಸ್ ಎಂಬಾತನ ಪುಟ್ಟ ತೇಲುವಿಮಾನ. ಭಾರ ಜಾಸ್ತಿಯಾಗಿ ಅದು ಹಾರಲಿಲ್ಲ. ರೆಕ್ಕೆಯ ಮೇಲೆಲ್ಲಾ ಜನರನ್ನು ಕೂರಿಸಿಕೊಂಡು, ನಮ್ಮ ಮಲೆನಾಡಿನ ಬಸ್ಸಿನ ಹಾಗೆ, ನೀರಿನ ಮೇಲೆಯೇ ಬಂತು! ಜಖಂ ಆಗಿದ್ದ ಆ ವಿಮಾನವನ್ನು ಕೊನೆಗೆ ಟ್ಯಾಂಗ್‌ನವರೇ ಮುಳುಗಿಸಿದರು. ಮುಳುಗಿಸಲೇಬೇಕು ಎನ್ನುವ ನಿಮಗೆ ಅಷ್ಟಾದರೂ ಸಮಾಧಾನ. ಟ್ಯಾಂಗ್‌ನ ಕ್ಯಾಪ್ಟನ್ ರಿಚರ್ಡ್ ಓಕೇನ್ ಮೆತ್ತಗಿನ ಮನುಷ್ಯನೂ ಅಲ್ಲ. ಹಡಗು ಮುಳುಗಿಸುವುದರಲ್ಲೂ ಆತ ಮೊದಲ ಸಾಲಿನವನು.

ಈ ಮಾತು ಬಂದಾಗಲೆಲ್ಲ ಜಾರ್ಜ್ ಬುಷ್ ಹೆಸರು ಹೇಳುತ್ತಾರೆ. 1944ರ ಸೆಪ್ಟೆಂಬರ್ 2ರಂದು 'ಫಿನ್‌ಬ್ಯಾಕ್' ಎತ್ತಿದ ಹುಡುಗ ಮುಂದೆ ಅಧ್ಯಕ್ಷನಾದ, ನಿಜ. ನನಗೆ ಆ ವಾದ ಹಿಡಿಸುವುದಿಲ್ಲ. ಅವನು ಊರಿಗೆ ಮರಳಿ ಕಿರಾಣಿ ಅಂಗಡಿ ಇಟ್ಟಿದ್ದರೆ ಸುಮ್ನೆ ಬಿಟ್ಟುಬಿಡಬಹುದಿತ್ತಾ? ಅವನ ವಿಮಾನದಲ್ಲಿದ್ದ ಇನ್ನಿಬ್ಬರು ಉಳಿಯಲಿಲ್ಲ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮಲ್ಲೂ ಅಷ್ಟೇ ಅಲ್ವಾ? ಹೊಡೆದವನಿಗೆ ಸರ್ಕಲ್ಲಿನಲ್ಲಿ ಪ್ರತಿಮೆ. ಬಾವಿಗಿಳಿದು ಮಗುವನ್ನು ಎತ್ತಿದವನಿಗೆ ಒಂದು ಲೋಟ ಕಾಫಿ.

ನಿಮ್ಮೊಬ್ಬರನ್ನೇ ಬೈದು ಪ್ರಯೋಜನವಿಲ್ಲ ಬಿಡಿ. ಮುಳುಗಿದ ಹಡಗುಗಳಿಗೆ ಬಣ್ಣದ ಬಾಕ್ಸ್ ಹಾಕಿದವರು ನಾವೇ. ಆ ಯುದ್ಧದಲ್ಲಿ ಅಮೆರಿಕದ ಸಬ್‌ಮೆರೀನುಗಳು ಒಟ್ಟು 504 ವಿಮಾನ ಸಿಬ್ಬಂದಿಯನ್ನು ಉಳಿಸಿದವು ಎಂಬ ಸಾಲೂ ಲೇಖನದಲ್ಲಿತ್ತು. ಜಾಗ ಸಾಲದೆಂದು ಅದನ್ನು ಕತ್ತರಿಸಿದವನು ನಾನು.