‘ನೀಡಲಾಯಿತು’ ಅಂದರೆ ಕೊಟ್ಟವರು ಯಾರು?

ಪ್ರಿಯರೇ,

ನಿಮ್ಮ ‘ಯುರೋಪಿನ ಫುಟ್‌ಬಾಲ್: ಎಲ್ಲವೂ ದುಡ್ಡಿನಾಟ’ ಲೇಖನ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸಲ ಓದಿದಾಗ ಸಿಟ್ಟು ಬಂತು, ಪಕ್ಕಕ್ಕಿಟ್ಟೆ. ಎರಡನೇ ಸಲವೂ ಬಂತು. ಸಪ್ಪೆ ಬರಹ ಓದಿದರೆ ನನಗೆ ಸಿಟ್ಟು ಬರುವುದಿಲ್ಲ, ನಿದ್ದೆ ಬರುತ್ತದೆ. ಹಾಗಾಗಿ ಸುಮ್ನೆ ‘ಪ್ರಕಟಿಸಲು ಸಾಧ್ಯವಿಲ್ಲ’ ಅಂತ ಒಂದು ಸಾಲು ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಸ್ಕೋರ್ ಮಾತ್ರ ನೋಡಿ ಬರೆಯುವವರಲ್ಲ, ಆಟ ನೋಡುತ್ತೀರಿ. ಕಾಗುಣಿತ ಚೆನ್ನಾಗಿದೆ. ಯುರೋಪಿನ ದೇಶಗಳು ಆಡುವ ಯುರೋ ಟೂರ್ನಿಯ ಆತಿಥ್ಯ, ಸೂಪರ್ ಲೀಗ್, ಲಂಡನ್ನಿನ ಚೆಲ್ಸಿ ಕ್ಲಬ್ ಮಾಡಿದ ಆಟಗಾರನ ಖರೀದಿ ಮೂರನ್ನೂ ಒಂದೇ ಲೇಖನಕ್ಕೆ ಎಳೆದು ತಂದ ಧೈರ್ಯ ಇಷ್ಟವಾಯಿತು. ನನ್ನ ತಕರಾರು ಎರಡೇ.

ಮೊದಲನೆಯದು ‘ಲಾಯಿತು’.

“2016ರ ಯುರೋ ಆತಿಥ್ಯವನ್ನು ಫ್ರಾನ್ಸಿಗೆ ನೀಡಲಾಯಿತು. ಟರ್ಕಿಯನ್ನು ಕಡೆಗಣಿಸಲಾಯಿತು” ಎಂದು ಬರೆದಿದ್ದೀರಿ. ಯಾರು ಕೊಟ್ಟರು? ಯಾರು ಕಡೆಗಣಿಸಿದರು? ತಾಲ್ಲೂಕು ಕಚೇರಿಯ ಕಾಗದ ಓದಿದ ಹಾಗಿದೆ. ಅಲ್ಲಿಯವರು ಬೇಕೆಂದೇ ಹಾಗೆ ಬರೆಯುತ್ತಾರೆ. ‘ಅರ್ಜಿ ತಿರಸ್ಕರಿಸಲಾಗಿದೆ’ ಅಂದರೆ ಯಾರ ಮೇಜಿನ ಮುಂದೆ ನಿಂತು ಜಗಳ ಆಡಬೇಕು ಅಂತ ನಮಗೆ ಗೊತ್ತಾಗಬಾರದು. ನಿಮಗೇನು ದರ್ದು?

ಅದು ನಡೆದದ್ದು 2010ರ ಮೇ 28ರಂದು, ಜಿನೀವಾದಲ್ಲಿ. ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎಯ ಕಾರ್ಯಕಾರಿ ಸಮಿತಿಯ ಸದಸ್ಯರು ಮತ ಹಾಕಿದರು. ಇಟಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ಎರಡನೇ ಸುತ್ತಿನಲ್ಲಿ ಫ್ರಾನ್ಸಿಗೆ 7, ಟರ್ಕಿಗೆ 6. ಒಂದೇ ಒಂದು ಮತ! 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದು ಮತದಿಂದ ಸೋತದ್ದನ್ನು ನಾವು ಇವತ್ತಿಗೂ ಚುನಾವಣೆ ಬಂದಾಗಲೆಲ್ಲ ಹೇಳಿಕೊಳ್ಳುತ್ತೇವೆ. ಅಂಥದೇ ಕಥೆ ನಿಮ್ಮ ಕೈಯಲ್ಲಿತ್ತು, ‘ಲಾಯಿತು’ ಅಂತ ಮುಚ್ಚಿಬಿಟ್ಟಿರಿ. ಆಗ ಯುಇಎಫ್‌ಎ ಅಧ್ಯಕ್ಷರಾಗಿದ್ದವರು ಫ್ರಾನ್ಸಿನವರೇ ಆದ ಮಿಷೆಲ್ ಪ್ಲಾಟಿನಿ. ಅವರು ಮತ ಹಾಕಲಿಲ್ಲ. ಇಷ್ಟು ಬರೆದಿದ್ದರೆ ಒಬ್ಬ ಓದುಗ ‘ಓಹೋ’ ಅನ್ನುತ್ತಿದ್ದ, ಇನ್ನೊಬ್ಬ ‘ಪಾಪ, ಸರಿಯಾಗೇ ನಡೆದುಕೊಂಡಿದ್ದಾನೆ’ ಅನ್ನುತ್ತಿದ್ದ. ಮನೆಯಲ್ಲಿ ಒಂದು ವಾದವಾದರೂ ಆಗುತ್ತಿತ್ತು.

ಮುಂದಿನ ಸಾಲು: “2024ರ ವಿಷಯದಲ್ಲೂ ಟರ್ಕಿಗೆ ಅದೇ ಅನ್ಯಾಯ ಎಸಗಲಾಯಿತು.” ಅದೇ ಅಲ್ಲ. 2018ರ ಸೆಪ್ಟೆಂಬರ್ 27ರಂದು ನಿಯಾನ್‌ನಲ್ಲಿ ಜರ್ಮನಿಗೆ 12 ಮತ ಬಿತ್ತು, ಟರ್ಕಿಗೆ 4. ಮತದಾನಕ್ಕೆ ಮೊದಲೇ ಯುಇಎಫ್‌ಎ ತನ್ನ ಪರಿಶೀಲನಾ ವರದಿಯಲ್ಲಿ, ಟರ್ಕಿಯ ಬಿಡ್‌ನಲ್ಲಿ ಮಾನವ ಹಕ್ಕುಗಳ ಬಗ್ಗೆ ಕಾರ್ಯಯೋಜನೆ ಇಲ್ಲ ಎಂದು ಹೇಳಿತ್ತು. ಅದು ನೆಪವೋ ನಿಜವೋ, ನೀವು ವಾದ ಮಾಡಿ. ಆದರೆ 7-6ನ್ನೂ 12-4ನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ಇದಕ್ಕಿಂತ ಚೆಂದದ್ದು ಆಮೇಲಿನದು. 2010ರಲ್ಲಿ ಒಟ್ಟಿಗೆ ಸೋತ ಇಟಲಿ ಮತ್ತು ಟರ್ಕಿ 2032ಕ್ಕೆ ಬೇರೆಬೇರೆಯಾಗಿ ಅರ್ಜಿ ಹಾಕಿದ್ದವು. ನಂತರ ಕೈಜೋಡಿಸಿದವು. 2023ರ ಅಕ್ಟೋಬರ್‌ನಲ್ಲಿ ಎದುರಾಳಿಯೇ ಇಲ್ಲದೆ ಜಂಟಿ ಆತಿಥ್ಯ ಗಿಟ್ಟಿಸಿಕೊಂಡವು. ನಿಮ್ಮ ಲೇಖನದಲ್ಲಿ 2032 ಒಂದು ಕಡೆ ಆವರಣದೊಳಗೆ ಬಂದು ಹೋಗುತ್ತದೆ, ಅಷ್ಟೇ.

ಆ ಪ್ಯಾರಾದ ಕೊನೆಯ ಸಾಲು: “ಇದೆಲ್ಲ ದುಡ್ಡಿನಾಟ ಎಂದು ಎಲ್ಲರಿಗೂ ಗೊತ್ತು.” ಎಲ್ಲರಿಗೂ ಗೊತ್ತಿದ್ದರೆ ನನಗೆ ಯಾಕೆ ಕಳಿಸಿದಿರಿ?

ಇಷ್ಟು ಜಾಸ್ತಿ ಎಗರಾಡಲು ಕಾರಣ ಇದೆ. 1995ರ ಡಿಸೆಂಬರ್‌ನಲ್ಲಿ ನಾನು ಒಂದು ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಟ್ರೈನಿ. ರಾತ್ರಿ ಪಾಳಿ. ಲಕ್ಸೆಂಬರ್ಗ್‌ನಿಂದ ಏಜೆನ್ಸಿ ಸುದ್ದಿ ಬಂತು. ಬೆಲ್ಜಿಯಂನ ಆಟಗಾರ ಜಾನ್-ಮಾರ್ಕ್ ಬೋಸ್‌ಮನ್ ಪರವಾಗಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ನಾನು ಹುರುಪಿನಿಂದ ಬರೆದೆ: ‘ಐತಿಹಾಸಿಕ ತೀರ್ಪು ನೀಡಲಾಯಿತು. ಫುಟ್‌ಬಾಲ್ ಲೋಕದಲ್ಲಿ ಸಂಚಲನ ಮೂಡಿಸಲಾಯಿತು.’ ಹೌದು, ‘ಮೂಡಿಸಲಾಯಿತು’. ನಗಬೇಡಿ.

ಹಿರಿಯ ಉಪಸಂಪಾದಕರು ಓದಿದರು. ಬೈಯಲಿಲ್ಲ. “ಆಚೆ ಪುಟ ಅಂಟಿಸ್ತಿದಾರಲ್ಲ, ಅವರಿಗೆ ಓದಿ ಹೇಳಿ ಬಾ” ಅಂದರು. ಹೋಗಿ ಓದಿದೆ. ಅವರು ಕತ್ತರಿ ಕೆಳಗಿಡದೆ ಕೇಳಿದರು: “ಏನಾಗಿತ್ತಂತೆ ಅವನಿಗೆ?” ನನಗೆ ಗೊತ್ತಿರಲಿಲ್ಲ. ವಾಪಸ್ ಬಂದು ಏಜೆನ್ಸಿ ಕಾಪಿಯನ್ನು ಪೂರ್ತಿ ಓದಿದೆ. ಬೋಸ್‌ಮನ್ ಕರಾರು 1990ರಲ್ಲೇ ಮುಗಿದಿತ್ತು. ಅವನಿಗೆ ಫ್ರಾನ್ಸಿನ ಡನ್‌ಕರ್ಕ್ ಕ್ಲಬ್ ಸೇರಬೇಕಿತ್ತು. ಅವನ ಹಳೆಯ ಕ್ಲಬ್ ಲಿಯೇಜ್ ತನಗೆ ದುಡ್ಡು ಬರದೆ ಬಿಡುವುದಿಲ್ಲ ಅಂದಿತು, ಸಂಬಳವನ್ನೂ ಇಳಿಸಿತು. ಇದನ್ನು ಹೋಗಿ ಹೇಳಿದೆ. “ಕರಾರು ಮುಗಿದ ಮೇಲೂ ಬಿಡ್ಲಿಲ್ವಾ? ಜೀತ ಆಯ್ತಲ್ಲ!” ಅಂದರು ಅವರು.

ಓಡಿ ಬಂದು ‘ಜೀತ’ ಅಂತಲೇ ತಲೆಬರಹ ಕೊಟ್ಟೆ. ಹಿರಿಯರು ಅದನ್ನೂ ಹೊಡೆದುಹಾಕಿದರು. “ಜೀತ ಅಂದ್ರೆ ಏನು ಅಂತ ಗೊತ್ತಿರೋರು ನಮ್ಮ ಪೇಪರ್ ಓದ್ತಾರೆ ಕಣಯ್ಯಾ” ಅಂದರು. ಕೊನೆಗೆ ಅಚ್ಚಾದದ್ದು ‘ಕರಾರು ಮುಗಿದರೆ ಆಟಗಾರ ಸ್ವತಂತ್ರ’. ನಾಲ್ಕೇ ಪ್ಯಾರಾ.

ಆ ತೀರ್ಪಿನ ಏಟು ಯಾರಿಗೆ ಬಿತ್ತು ಅಂತ ಆಮೇಲೆ ನೋಡುತ್ತಾ ಹೋದೆ. ಅದೇ ವರ್ಷದ ಮೇ ತಿಂಗಳಲ್ಲಿ ನೆದರ್ಲೆಂಡ್ಸ್‌ನ ಆಯಾಕ್ಸ್ ತಂಡ ವಿಯೆನ್ನಾದಲ್ಲಿ ಇಟಲಿಯ ಮಿಲಾನ್ ವಿರುದ್ಧ 1-0ರಿಂದ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಮರುವರ್ಷ ಆಯಾಕ್ಸ್‌ನ ಡೇವಿಡ್ಸ್ ಮತ್ತು ರೈಜಿಗರ್ ಕರಾರು ಮುಗಿಸಿಕೊಂಡು ಅದೇ ಮಿಲಾನ್‌ಗೆ ಹೋದರು. ಫೈನಲ್‌ನ ಗೋಲು ಹೊಡೆದ ಕ್ಲೈವರ್ಟ್ 1997ರಲ್ಲಿ ಹೋದ. ಈ ಮೂವರಿಂದ ಆಯಾಕ್ಸ್‌ಗೆ ಕವಡೆ ಕಾಸೂ ಸಿಗಲಿಲ್ಲ. 1999 ಮುಗಿಯುವ ಹೊತ್ತಿಗೆ ಆ ಫೈನಲ್ ಶುರು ಮಾಡಿದ ಹನ್ನೊಂದು ಜನರಲ್ಲಿ ಒಬ್ಬರೂ ಅಲ್ಲಿ ಆಡುತ್ತಿರಲಿಲ್ಲ. ‘ತಂಡದಲ್ಲಿ ಬದಲಾವಣೆ’ ಅಂದರೆ ನನಗೆ ಇವತ್ತಿಗೂ ನೆನಪಾಗುವುದು ಅದೇ.

ಸರಿ, ಎರಡನೇ ತಕರಾರು. ‘ನಾವು’.

“2023ರ ಜನವರಿಯಲ್ಲಿ ನಾವು ಎನ್ಜೊ ಫರ್ನಾಂಡಿಸ್‌ನನ್ನು ತಂದೆವು.” ಯಾರು ನಾವು? ನಿಮ್ಮ ವಿಳಾಸ ದಾವಣಗೆರೆ ಅಂತಿದೆ. ಅಭಿಮಾನ ಇರಲಿ, ರಾತ್ರಿ ಒಂದೂವರೆಗೆ ಮನೆಯವರಿಗೆ ಎಚ್ಚರವಾಗದ ಹಾಗೆ ಟಿವಿ ಹಾಕುವ ಕಷ್ಟ ನನಗೂ ಗೊತ್ತು. ಆದರೆ ‘ನಾವು’ ಅಂದ ಕೂಡಲೇ ನೀವು ಲೆಕ್ಕ ಕೇಳುವುದನ್ನು ಬಿಟ್ಟಿರಿ. ಮನೆ ಮಗನ ಮದುವೆ ಖರ್ಚನ್ನು ಯಾರು ಎಣಿಸುತ್ತಾರೆ?

ಎಣಿಸಿ ನೋಡಿ. ಎನ್ಜೊಗಾಗಿ ಚೆಲ್ಸಿಯು ಪೋರ್ಚುಗಲ್‌ನ ಬೆನ್‌ಫಿಕಾ ಕ್ಲಬ್‌ಗೆ ಒಪ್ಪಿದ ಮೊತ್ತ 10.68 ಕೋಟಿ ಪೌಂಡ್. ಕರಾರು ಎಂಟೂವರೆ ವರ್ಷ. ಅಷ್ಟು ಉದ್ದ ಯಾಕೆ? ಲೆಕ್ಕಪುಸ್ತಕದಲ್ಲಿ ಆಟಗಾರನ ಬೆಲೆ ಕರಾರಿನ ವರ್ಷಗಳಿಗೆ ಹಂಚಿಹೋಗುತ್ತದೆ. ಎಂಟೂವರೆಗೆ ಹಂಚಿದರೆ ವರ್ಷಕ್ಕೆ ಸುಮಾರು ಒಂದೂಕಾಲು ಕೋಟಿ. ಐದಕ್ಕೆ ಹಂಚಿದರೆ ಎರಡು ಕೋಟಿ ದಾಟುತ್ತದೆ. ಖರ್ಚಿಗೆ ಮಿತಿ ಹಾಕುವ ನಿಯಮದ ಎದುರು ಒಂದೂಕಾಲು ಎಷ್ಟೋ ವಾಸಿ. ಇದು 2022ರಲ್ಲಿ ಕ್ಲಬ್ ಕೊಂಡ ಹೊಸ ಮಾಲೀಕರ ಜಾಣತನ. 2023ರಲ್ಲೇ ಯುಇಎಫ್‌ಎ ಇನ್ನು ಮುಂದೆ ಐದು ವರ್ಷಕ್ಕಿಂತ ಹೆಚ್ಚು ಹಂಚುವಂತಿಲ್ಲ ಅಂತ ಬಾಗಿಲು ಹಾಕಿತು. ನಿಮ್ಮ ಲೇಖನದ ಹೆಸರೇ ದುಡ್ಡಿನಾಟ, ಆ ಆಟ ಹೀಗೆ ನಡೆಯುತ್ತದೆ.

ಇನ್ನು ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಾಲು: “ಒತ್ತಡಕ್ಕೆ ಮಣಿದು ಸೂಪರ್ ಲೀಗ್‌ನಿಂದ ಹಿಂದೆ ಸರಿಯಲಾಯಿತು.” 2021ರ ಏಪ್ರಿಲ್ 18ರಂದು ಚೆಲ್ಸಿಯೂ ಸೇರಿ ಯುರೋಪಿನ ಹನ್ನೆರಡು ಕ್ಲಬ್‌ಗಳು ತಮ್ಮದೇ ಪ್ರತ್ಯೇಕ ಟೂರ್ನಿಯಾಗಿ ಆ ಲೀಗ್ ಘೋಷಿಸಿದವು. ಎರಡು ದಿನಕ್ಕೆ ಚೆಲ್ಸಿಗೆ ಬ್ರೈಟನ್ ಜೊತೆ ಪಂದ್ಯ ಇತ್ತು. ಚೆಲ್ಸಿ ಅಭಿಮಾನಿಗಳು ಕ್ಲಬ್ಬಿನ ಕ್ರೀಡಾಂಗಣ ಸ್ಟ್ಯಾಮ್‌ಫರ್ಡ್ ಬ್ರಿಜ್ ಹೊರಗೆ ರಸ್ತೆ ತುಂಬಿ ನಿಂತು ತಮ್ಮದೇ ತಂಡದ ಬಸ್ ತಡೆದರು. ಹಿಂದೆ ಅದೇ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದ ಪೀಟರ್ ಚೆಕ್ ಬೀದಿಗೆ ಬಂದು ದಾರಿ ಬಿಡಿ ಅಂತ ಬೇಡಿಕೊಳ್ಳಬೇಕಾಯಿತು. ‘ನಾವು’ ಅನ್ನುವ ಹಕ್ಕಿದ್ದ ಜನ ಆ ಸಂಜೆ ಅಲ್ಲಿದ್ದರು. ಅವರಿಗೆ ನೀವು ‘ಲಾಯಿತು’ ಕೊಟ್ಟಿರಿ. ಮಾಲೀಕರ ಖರೀದಿಗೆ ‘ನಾವು’ ಕೊಟ್ಟಿರಿ. ಅದಲುಬದಲಾಗಿದೆ, ನೋಡಿ.

ಟರ್ಕಿಯ ಕಥೆಯನ್ನಷ್ಟೇ ಬರೆದು ಕಳಿಸಿ. 2010ರಿಂದ 2032ರವರೆಗೆ, ಆರುನೂರು ಪದ ಸಾಕು. ಇದೇ 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಲೇಖನದ ಜೊತೆ ಕಳಿಸಿದ ನಿಮ್ಮ ಫೋಟೋ ಚೆನ್ನಾಗಿದೆ. ಆದರೆ ಆ ನೀಲಿ ಜೆರ್ಸಿಯದ್ದು ಬೇಡ, ಬೇರೆ ಇದ್ದರೆ ಕಳಿಸಿ.

ಇತಿ,
ಸಂಪಾದಕ