ಧಾರವಾಡದ ದನಿ ಎಲ್ಲಿಯವರೆಗೆ ಮುಟ್ಟಿತು?

ಲಕ್ಷ್ಮೇಶ್ವರದ ನಿವೃತ್ತ ಮಾಸ್ತರರೊಬ್ಬರು ಬೇರೆ ಲೋಕದ ಜೀವಿಗಳ ಬಗ್ಗೆ ಬರೆದಿದ್ದಾರೆ: "ಅರವತ್ತು ವರ್ಷದ ಮ್ಯಾಲಾತು, ವಿಜ್ಞಾನಿಗಳು ಆಕಾಶಕ್ಕ ಕಿವಿಗೊಟ್ಟು ಕುಂತಾರ. ಯಾರೂ ಹೂಂ ಅಂದಿಲ್ಲ. ನಮ್ಮ ಧಾರವಾಡ ಆಕಾಶವಾಣಿ 1950ರಿಂದ ಹಾಡಾಕ ಹತ್ತೇತಿ, ಅದನ್ನರ ಕೇಳಿ ಯಾರರೆ ಓ ಅನಬೇಕಿತ್ತಲ್ಲ? ಅಲ್ಲಿ ಯಾರೂ ಇಲ್ಲ ಅಂತ ಒಪ್ಪಿಕೊಳ್ಳಾಕ ನಿಮಗೇನು ಅಡ್ಡಿ?"

ಗುರುಗಳೇ, ಮೊದಲು ಆಕಾಶವಾಣಿಯ ಮಾತು. ನಮ್ಮ ನಿಲಯದ 765 ಕಿಲೋಹರ್ಟ್ಸ್ ಮೀಡಿಯಂ ವೇವ್ ಭೂಮಿ ದಾಟಿ ಹೋಗುವುದೇ ಇಲ್ಲ ಎನ್ನಬಹುದು. ಮೇಲೆ ಅಯಾನುಗೋಳವಿದೆ, ಅಂದರೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಗಳು. ಹಗಲು ಅದರ ಕೆಳಪದರ ಈ ಅಲೆಗಳನ್ನು ನುಂಗುತ್ತದೆ. ರಾತ್ರಿ ಆ ಪದರ ಕರಗಿದಾಗ ಮೇಲಿನದು ವಾಪಸ್ ನೆಲಕ್ಕೇ ತಳ್ಳುತ್ತದೆ. ಕತ್ತಲಾದ ಮೇಲೆ ದೂರದೂರದ ಸ್ಟೇಷನ್‌ಗಳು ಗೊರಗೊರ ಎನ್ನುತ್ತ ಸಿಗುವುದು ಅದಕ್ಕೇ. ಹೊರಗೆ ಹೋಗುವುದು ಎಫ್‌ಎಂ, ಟಿವಿ, ರೇಡಾರ್ ಅಲೆಗಳು. ಒಂದುವೇಳೆ 1950ರ ದನಿ ತಪ್ಪಿಸಿಕೊಂಡು ಹೋಗಿತ್ತೆಂದೇ ಇಟ್ಟುಕೊಳ್ಳಿ: ಇವತ್ತಿಗೆ ಸುಮಾರು 75 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ನಮ್ಮ ನಕ್ಷತ್ರಕೂಟವಾದ ಆಕಾಶಗಂಗೆಯ ಅಡ್ಡಳತೆ 1 ಲಕ್ಷ ಜ್ಯೋತಿರ್ವರ್ಷ. ಅವರ "ಓ" ನಮಗೆ ಈಗಾಗಲೇ ಮುಟ್ಟಿರಬೇಕಾದರೆ ಅವರು ಆ 75ರ ಅರ್ಧ ದೂರದೊಳಗೇ ಇರಬೇಕು.

ಇನ್ನು ನಾವು ಕಿವಿಗೊಟ್ಟ ಕಥೆ. 1960ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಶುರುಮಾಡಿದಾಗ ನೋಡಿದ್ದು ಎರಡೇ ನಕ್ಷತ್ರ, ತಿರುವಿದ್ದು 1420 ಮೆಗಾಹರ್ಟ್ಸ್ ಆಸುಪಾಸು. ಆಮೇಲೆ ಹುಡುಕಾಟ ಬೆಳೆಯಿತು, ನಿಜ. ಆದರೆ ದಿಕ್ಕು, ಕಂಪನಾಂಕ, ಸಂಕೇತದ ಬಲ, ಕೇಳಿದ ಹೊತ್ತು, ಎಲ್ಲವನ್ನೂ ಕೂಡಿಸಿ 2018ರಲ್ಲಿ ಖಗೋಳವಿಜ್ಞಾನಿ ಜೇಸನ್ ರೈಟ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು: ಹುಡುಕಬೇಕಾದದ್ದು ಭೂಮಿಯ ಸಮುದ್ರಗಳಷ್ಟಾದರೆ, ಹುಡುಕಿದ್ದು 8 ಸಾವಿರ ಲೀಟರಿನೊಳಗೆ. ಹೆಚ್ಚುಕಡಿಮೆ ಒಂದು ಟ್ಯಾಂಕರ್. (ಟ್ಯಾಂಕರ್ ನೀರೆಂದರೆ ಎಷ್ಟೆಂದು ನಮ್ಮ ಹುಬ್ಬಳ್ಳಿ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.) ಅದರಲ್ಲಿ ಮೀನು ಸಿಗಲಿಲ್ಲವೆಂದು ಸಮುದ್ರವೇ ಬರಿದು ಅನ್ನಲು ನನ್ನ ಬಾಯಿ ಬರುವುದಿಲ್ಲ.

ಹಾಗಂತ ನಿಮ್ಮ ಅನುಮಾನ ಹಗುರದ್ದಲ್ಲ. ನಿಮ್ಮ ಆಕಾಶವಾಣಿ ಹುಟ್ಟಿದ 1950ರಲ್ಲೇ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಊಟಕ್ಕೆ ಕೂತಾಗ "ಎಲ್ಲಿದ್ದಾರೆ ಎಲ್ಲರೂ?" ಎಂದು ಕೇಳಿದ್ದು. ಯಾವುದಾದರೂ ಒಂದು ನಾಗರಿಕತೆ ನಿಧಾನದ ನೌಕೆಗಳಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಬ್ಬಿದರೂ ಕೆಲವು ಕೋಟಿ ವರ್ಷಗಳಲ್ಲಿ ಆಕಾಶಗಂಗೆ ತುಂಬಬಹುದು; ಅದರ ವಯಸ್ಸೋ ಸಾವಿರ ಕೋಟಿ ವರ್ಷದ ಮೇಲೆ. ಇದಕ್ಕೆ ನನ್ನ ಟ್ಯಾಂಕರ್ ಲೆಕ್ಕ ಉತ್ತರವಾಗದು. ಅವರು ಬೇಕೆಂದೇ ಅಡಗಿ ನಮ್ಮನ್ನು ನೋಡುತ್ತಿದ್ದಾರೆ ಎಂಬ ವಾದ ನನಗೆ ಹಿಡಿಸಿಲ್ಲ. ನಾಗರಿಕತೆಗಳು ಬಹಳ ದಿನ ಬಾಳುವುದಿಲ್ಲವೇನೋ ಎಂಬ ವಾದಕ್ಕೆ ಮಾತ್ರ ಹೆದರುತ್ತೇನೆ.

ಅಂದಹಾಗೆ, ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಕೇಂದ್ರದಿಂದ ಹಾಡಿದ್ದು ಅಯಾನುಗೋಳದ ಕೆಳಗೇ ಉಳಿಯಿತು. ಮನ್ಸೂರರದೇ ಜೈಪುರ–ಅತ್ರೌಲಿ ಘರಾಣೆಯ ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿ ಮಾತ್ರ, 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನಲೇಪಿತ ತಟ್ಟೆಯಲ್ಲಿ, ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಎಲ್ಲೆಯಾಚೆ ಸಾಗಿದೆ. ಅದೇ ತಟ್ಟೆಯ 55 ಭಾಷೆಗಳಲ್ಲಿ ಕನ್ನಡದ ಒಂದು ನಮಸ್ಕಾರವೂ ಇದೆ. ವಾಯೇಜರ್ 1 ಇನ್ನೊಂದು ನಕ್ಷತ್ರದ ಹತ್ತಿರ ಹಾಯಲು ಸುಮಾರು 40 ಸಾವಿರ ವರ್ಷ ಬೇಕು, ಗುರುಗಳೇ. ಹತ್ತಿರವೆಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ದೂರವೇ.

– ಸಂ.